ಮಳೆ ಸುರಿಯುತ್ತಿದೆ, ಚರಂಡಿ ಖಾಲಿ ಎನ್ನುತ್ತಿದೆ ಸೆನ್ಸರ್: ದೋಷ ಹುಡುಕುವ ಬಗೆ

ಪುಷ್ಯ ಮಳೆಯ ಒಂದು ಬೆಳಿಗ್ಗೆ ಮೊಬೈಲಿನಲ್ಲಿ, ರಸ್ತೆ ಬದಿಯ ಕಂಬಕ್ಕೆ ಕಟ್ಟಿದ ನಮ್ಮ ಸೆನ್ಸರ್ ಪೆಟ್ಟಿಗೆ ಕಳಿಸಿದ ಎರಡು ಅಂಕಿಗಳು ಅಕ್ಕಪಕ್ಕ ಕುಳಿತಿದ್ದವು. ಹಿಂದಿನ ಒಂದು ಗಂಟೆಯಲ್ಲಿ ಬಿದ್ದ ಮಳೆ 38 ಮಿ.ಮೀ. ಅದೇ ಕಂಬದ ಕೆಳಗಿನ ಚರಂಡಿಯಲ್ಲಿ ನೀರಿನ ಮಟ್ಟ 4 ಸೆಂ.ಮೀ. ಮಡಿಕೇರಿಯಿಂದ ಚೇರಂಬಾಣೆ ಕಡೆಗೆ ಹೋಗುವ ರಸ್ತೆಯ ಆ ತಿರುವಿನಲ್ಲಿ ಅರ್ಧ ಗಂಟೆ ಜೋರು ಮಳೆ ಹೊಡೆದರೆ ಗೇಣುದ್ದ ನೀರು ಹರಿಯುತ್ತದೆ ಎಂಬುದು ಅಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಹಾಗಾಗಿ ಸೆನ್ಸರ್ ಕೆಟ್ಟಿದೆ ಎಂದು ಹಿಂದೆಮುಂದೆ ನೋಡದೆ ತೀರ್ಮಾನಿಸಿ, ಉಪಕರಣಗಳ ಚೀಲ ಹೆಗಲಿಗೇರಿಸಿಕೊಂಡು ಹೊರಟೆ.

ಎರಡೂವರೆ ಗಂಟೆ ಕೊಡೆಯನ್ನು ಕುತ್ತಿಗೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಪೆಟ್ಟಿಗೆ ಬಿಚ್ಚಿದೆ. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಸೆನ್ಸರನ್ನೇ ಬದಲಿಸಿದೆ. ಹೊಸ ಸೆನ್ಸರೂ 4 ಸೆಂ.ಮೀ. ಎಂದೇ ಹೇಳಿತು. ಜಿಗಣೆಗಳು ಕಾಲುಚೀಲದೊಳಗೆ ಹೊಟ್ಟೆ ತುಂಬಿಸಿಕೊಂಡವು. ಆ ಹೊತ್ತಿಗೆ ಕೊಪ್ಪೆ ಹೊದ್ದು, ಹಾರೆ ಹಿಡಿದು ಬಂದ ರಸ್ತೆ ಗ್ಯಾಂಗಿನ ಹಿರಿಯರೊಬ್ಬರು ನನ್ನನ್ನೂ ಪೆಟ್ಟಿಗೆಯನ್ನೂ ಸ್ವಲ್ಪ ಹೊತ್ತು ನೋಡಿ, "ಸಾರ್, ಪೆಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೇಲಿನ ತಿರುವಿಗೆ ಒಮ್ಮೆ ಬನ್ನಿ" ಎಂದರು.

ಮೇಲೆ ಅರವತ್ತು ಹೆಜ್ಜೆ ದೂರದಲ್ಲಿ ಬರೆ (ರಸ್ತೆಗಾಗಿ ಕಡಿದ ಗುಡ್ಡದ ಬದಿ) ಜರಿದು ಚರಂಡಿಯ ಮೇಲೆ ಕುಳಿತಿತ್ತು. ಬರುವ ನೀರೆಲ್ಲ ಅಲ್ಲಿಂದಲೇ ರಸ್ತೆಗೆ ಹತ್ತಿ, ಡಾಂಬರಿನ ಮೇಲೆ ಅಡ್ಡಲಾಗಿ ಹರಿದು, ಆಚೆ ಬದಿಯ ಕಾಫಿ ತೋಟಕ್ಕೆ ಧುಮುಕುತ್ತಿತ್ತು. ರಸ್ತೆಯ ಹೊರ ಅಂಚಿನಲ್ಲಿ ಬೆರಳು ತೂರುವಷ್ಟು ಬಿರುಕು. ನನ್ನ ಸೆನ್ಸರ್ ಬೆಳಗಿನಿಂದ ಸತ್ಯವನ್ನೇ ಹೇಳುತ್ತಿತ್ತು. ಕೆಳಗಿನ ಚರಂಡಿಯಲ್ಲಿ ನಿಜಕ್ಕೂ ನಾಲ್ಕೇ ಸೆಂಟಿಮೀಟರ್ ನೀರಿತ್ತು.

ಇಂಥ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಆರು ಇವೆ. ನಾಲ್ಕರಲ್ಲಿ ಮೇಲಿನಿಂದ ನೀರಿಗೆ ಶಬ್ದ ಕಳಿಸಿ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಎರಡರಲ್ಲಿ ನೀರಿನಲ್ಲಿ ಮುಳುಗಿರುವ ಒತ್ತಡದ ಸೆನ್ಸರ್. ಜೊತೆಗೆ ಮೂರು ಮಳೆಮಾಪಕಗಳು. ಎಲ್ಲವೂ ಕೆಟ್ಟಿವೆ, ಎಲ್ಲವೂ ಸರಿಯಾಗಿವೆ, ಕೆಲವು ಮತ್ತೆ ಕೆಟ್ಟಿವೆ.

ಪೆಟ್ಟಿಗೆ ಬಿಚ್ಚುವ ಮೊದಲು

ಪ್ರತಿ ಮೋರಿಯ ಗೋಡೆಯ ಮೇಲೂ ತಳದಿಂದ ಮೇಲಕ್ಕೆ ಹತ್ತು ಸೆಂಟಿಮೀಟರಿಗೊಂದು ಗೀಟನ್ನು ಕೆಂಪು ಬಣ್ಣದಲ್ಲಿ ಬಳಿದಿಡಿ. ಇಡೀ ವ್ಯವಸ್ಥೆಯಲ್ಲಿ ಬ್ಯಾಟರಿ ಬೇಡದ ಭಾಗ ಇದೊಂದೇ. ದೂರು ಬಂದಾಗ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಗೋಡೆಯ ಗೀಟು ಹೇಳುವ ಮಟ್ಟ, ಪೆಟ್ಟಿಗೆಗೆ ಫೋನನ್ನೋ ಲ್ಯಾಪ್‌ಟಾಪನ್ನೋ ಜೋಡಿಸಿದಾಗ ಅದು ತೋರಿಸುವ ಮಟ್ಟ, ಸರ್ವರಿಗೆ ಕೊನೆಗೆ ಬಂದ ಸಂದೇಶದ ಮಟ್ಟ ಮತ್ತು ಅದರ ವೇಳೆ.

ಗೀಟು, ಪೆಟ್ಟಿಗೆ ಎರಡೂ ಒಪ್ಪಿ ಸರ್ವರ್ ಮಾತ್ರ ಬೇರೆ ಹೇಳಿದರೆ ದೋಷ ಸಂದೇಶ ಸಾಗುವ ದಾರಿಯಲ್ಲಿದೆ, ಸೆನ್ಸರಿನ ತಿರುಪು ಮುಟ್ಟಬೇಡಿ. ಗೀಟು ಒಂದು, ಪೆಟ್ಟಿಗೆ ಇನ್ನೊಂದು ಹೇಳಿದರೆ ಸೆನ್ಸರ್ ಅಥವಾ ಅದರ ಲೆಕ್ಕಾಚಾರ ತಪ್ಪಿದೆ. ಮೂರೂ ಒಂದೇ ಹೇಳಿ, ಆದರೂ ಮನಸ್ಸು ಒಪ್ಪದಿದ್ದರೆ ಪೆಟ್ಟಿಗೆ ಮುಚ್ಚಿ ಚರಂಡಿಯ ಜೊತೆ ನಡೆಯಿರಿ, ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಅಂದು ನಾನು ಈ ಮೂರು ಅಂಕಿ ಬರೆದುಕೊಂಡಿದ್ದರೆ ಐದು ನಿಮಿಷದಲ್ಲಿ ಮೇಲಿನ ತಿರುವಿನಲ್ಲಿರುತ್ತಿದ್ದೆ.

ಮಳೆ ಜೋರು, ಮಟ್ಟ ಏರುತ್ತಿಲ್ಲ

ಈ ಲಕ್ಷಣವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಮಟ್ಟ ವಿಪರೀತ ಏರಿದರೆ ಗಂಟೆ ಬಾರಿಸುವ ವ್ಯವಸ್ಥೆಯನ್ನು ಎಲ್ಲರೂ ಮಾಡಿಕೊಂಡಿರುತ್ತಾರೆ. ಏರಬೇಕಾದಾಗ ಏರದಿದ್ದರೆ ಯಾರೂ ಕೇಳುವುದಿಲ್ಲ, ಪರದೆಯ ಮೇಲೆ ಹಸಿರು ಬಣ್ಣ ಇರುತ್ತದಲ್ಲ! ಕೊಡಗಿನಂಥ ಗುಡ್ಡದ ರಸ್ತೆಯಲ್ಲಿ ಗುಡ್ಡದ ಬದಿಯ ಚರಂಡಿ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ರಸ್ತೆ ದಾಟುತ್ತದೆ. ದಾಟಿದ ನೀರು ಹೊರ ಅಂಚಿನಲ್ಲಿ ತುಂಬಿಸಿದ ಮಣ್ಣಿನೊಳಗೆ ಇಳಿಯುತ್ತದೆ. ರಸ್ತೆಯ ಅರ್ಧಭಾಗ ಕೆಳಗಿನ ತೋಟಕ್ಕೆ ಜಾರುವುದಕ್ಕೆ ಅಷ್ಟು ಸಾಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವಿನ ಹೆದ್ದಾರಿ ಅಲ್ಲಲ್ಲಿ ಕುಸಿದು ಸಂಚಾರ ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಚರಂಡಿಯೊಂದರಿಂದ ಆದದ್ದಲ್ಲ, ಗುಡ್ಡಗಳೇ ನೀರು ಕುಡಿದು ಕುಸಿದಿದ್ದವು. ಆದರೆ ಗುಡ್ಡಕ್ಕೆ ಇಳಿಯುವ ನೀರಿನಲ್ಲಿ ನಮ್ಮ ಚರಂಡಿಯಿಂದ ತಪ್ಪಿಸಿಕೊಂಡ ಪಾಲು ಕಡಿಮೆಯಾದಷ್ಟೂ ಒಳ್ಳೆಯದು.

ಅಂಕಿ ನಂಬಬಹುದೇ ಎಂದು ತಿಳಿಯಲು ಒಂದು ಒರಟು ಲೆಕ್ಕ ಸಾಕು. ಆ ತಿರುವಿನ ಚರಂಡಿಗೆ ನೀರಿಳಿಸುವ ಗುಡ್ಡ ಸುಮಾರು ಎರಡು ಹೆಕ್ಟೇರ್. ಗಂಟೆಗೆ 38 ಮಿ.ಮೀ. ಮಳೆಯಲ್ಲಿ ಅರ್ಧ ನೆಲಕ್ಕೆ ಇಂಗಿತು ಎಂದಿಟ್ಟುಕೊಂಡರೂ ಸೆಕೆಂಡಿಗೆ ಸುಮಾರು 105 ಲೀಟರ್ ಹರಿದು ಬರಬೇಕು. ಚರಂಡಿಯ ಅಗಲ 60 ಸೆಂ.ಮೀ., ನೀರಿನ ಆಳ 4 ಸೆಂ.ಮೀ., ವೇಗವನ್ನು ಧಾರಾಳವಾಗಿ ಸೆಕೆಂಡಿಗೆ ಒಂದು ಮೀಟರ್ ಎಂದು ಹಿಡಿದರೂ ಹೋಗುತ್ತಿರುವುದು 24 ಲೀಟರ್. ಉಳಿದ 80 ಲೀಟರ್ ಎಲ್ಲಿ? ಈ ಪ್ರಶ್ನೆ ಎದ್ದರೆ ಮನೆಯಲ್ಲಿ ಕೂರಬಾರದು.

ನೀರು ತಪ್ಪಿಸಿಕೊಳ್ಳುವ ಜಾಗಗಳು ನಮ್ಮಲ್ಲಿ ಹೆಚ್ಚೇನಿಲ್ಲ. ಬರೆ ಜರಿದ ಜಾಗ ಒಂದು. ಎರಡನೆಯದು ತೋಟದ ಗೇಟುಗಳು. ಗೇಟಿನೊಳಗೆ ಜೀಪು ಹೋಗಲೆಂದು ಚರಂಡಿಯ ಮೇಲೆ ಹಾಸುಗಲ್ಲೋ ಕಾಂಕ್ರೀಟೋ ಹಾಕಿ, ಕೆಳಗೆ ಒಂದು ಅಡಿಯ ಹ್ಯೂಮ್ ಪೈಪು ತೂರಿಸಿರುತ್ತಾರೆ. 300 ಮಿ.ಮೀ. ವ್ಯಾಸದ ಪೈಪು ನೂರಕ್ಕೆ ಒಂದರ ಇಳಿಜಾರಿನಲ್ಲಿ, ಒಳಗೆ ಚೊಕ್ಕಟವಾಗಿದ್ದರೆ, ಸೆಕೆಂಡಿಗೆ 90–100 ಲೀಟರ್ ಸಾಗಿಸೀತು. ಅರ್ಧ ಹೂಳು ತುಂಬಿದರೆ ಅದರ ಅರ್ಧವೂ ಕಷ್ಟ. ಸಿಲ್ವರ್ ಓಕ್ ಎಲೆಗಳಂತೂ ಈ ಪೈಪಿನ ಬಾಯಿಗೆ ಹೇಳಿ ಮಾಡಿಸಿದ ಬಿರಡೆ. ಬೇಗ ಕೊಳೆಯುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗುತ್ತವೆ, ಮೇಲೆ ಎರಡು ಪ್ಲಾಸ್ಟಿಕ್ ಬಾಟಲಿ ಬಂದು ಕೂತರೆ ಕೆಲಸ ಮುಗಿಯಿತು. ಮೂರನೆಯದು, ಕೇಬಲ್ ಹಾಕಲು ರಸ್ತೆ ಬದಿ ಅಗೆದವರು ಚರಂಡಿಯೊಳಗೇ ಸುರಿದು ಹೋದ ಮಣ್ಣು. ಇದು ಬೇಸಿಗೆಯಲ್ಲಿ ಕಾಣುತ್ತದೆ, ಆಗ ಯಾರೂ ನೋಡುವುದಿಲ್ಲ.

ಈಗ ನಮ್ಮ ಸರ್ವರಿನಲ್ಲಿ ಹೊಸ ನಿಯಮವೊಂದಿದೆ. ಅರ್ಧ ಗಂಟೆಯಲ್ಲಿ 10 ಮಿ.ಮೀ.ಗಿಂತ ಹೆಚ್ಚು ಮಳೆ ಬಿದ್ದು, ಮಟ್ಟ 5 ಸೆಂ.ಮೀ. ಕೂಡ ಏರದಿದ್ದರೆ 'ಒಣ ಚರಂಡಿ' ಎಂಬ ಎಚ್ಚರಿಕೆ ಬರುತ್ತದೆ. ಅಂಕಿಗಳು ನಮ್ಮ ಜಾಗಕ್ಕೆ ಹೊಂದಿಸಿಕೊಂಡವು, ನಿಮ್ಮ ಚರಂಡಿಗೆ ನೀವೇ ನೋಡಿ ಇಟ್ಟುಕೊಳ್ಳಬೇಕು. ಮಾರ್ಚ್–ಏಪ್ರಿಲ್‌ನ ಹೂಮಳೆಯ ಕಾಲಕ್ಕೆ ಈ ನಿಯಮ ಹೊಂದುವುದಿಲ್ಲ. ಒಣಗಿ ಬಾಯಿಬಿಟ್ಟ ನೆಲ ಬಿದ್ದದ್ದನ್ನೆಲ್ಲ ಕುಡಿಯುವುದರಿಂದ ಸುಳ್ಳು ಎಚ್ಚರಿಕೆಗಳು ಸಾಲುಗಟ್ಟುತ್ತವೆ. ಆರಿದ್ರಾ ಮಳೆ ಹಿಡಿದು ನೆಲ ನೆನೆದ ಮೇಲೆ ನಾವು ಇದನ್ನು ಚಾಲೂ ಮಾಡುತ್ತೇವೆ.

ಸೊನ್ನೆ ಬಿಟ್ಟು ಏಳದ ಒತ್ತಡದ ಸೆನ್ಸರ್

ಇದು ನಾನು ಕಂಡ ಅತ್ಯಂತ ಸೌಮ್ಯ ಮುಖದ ದೋಷ. ಐದನೇ ಪೆಟ್ಟಿಗೆ ಇರುವುದು ತೋಡಿಗೆ ಸೇರುವ ಮೋರಿಯ ಬಳಿ. ಹಾಕಿದ ದಿನದಿಂದ ಸೊನ್ನೆ. ಬೇಸಿಗೆಯಾದ್ದರಿಂದ ಸೊನ್ನೆಯೇ ಸರಿ ಎಂದುಕೊಂಡೆವು. ಮಳೆ ಹಿಡಿಯಿತು, ಮೋರಿಯಲ್ಲಿ ಸೊಂಟದ ಮಟ್ಟ ನೀರು ಹರಿಯಿತು, ಅದು ಸೊನ್ನೆಯಲ್ಲೇ ಇತ್ತು. ಬಕೆಟ್ಟಿನಲ್ಲಿ ಮುಳುಗಿಸಿದರೂ ಸೊನ್ನೆ. ಸೆನ್ಸರ್ ಸತ್ತಿದೆ ಎಂದು ಇನ್ನೊಂದು ತರಿಸಿದೆ. ಅದೂ ಸೊನ್ನೆ.

ಪ್ರೋಗ್ರಾಮಿನಲ್ಲಿ ಲೆಕ್ಕ ಮಾಡುವ ಮೊದಲಿನ ಹಸಿ ಅಂಕಿಯನ್ನು ತೆರೆದು ನೋಡಿದಾಗ ಗುಟ್ಟು ಬಯಲಾಯಿತು. ಆ ಸೆನ್ಸರ್ ಅಳೆಯುವುದು ನೀರಿನ ಒತ್ತಡವನ್ನಷ್ಟೇ ಅಲ್ಲ, ನೀರಿನ ಮೇಲಿರುವ ಗಾಳಿಯ ಒತ್ತಡವನ್ನೂ ಸೇರಿಸಿ. ಜೊತೆಗೆ ಬಂದ ಮಾದರಿ ಪ್ರೋಗ್ರಾಂ ಗಾಳಿಯ ಪಾಲೆಂದು 1013 ಮಿಲಿಬಾರ್ ಕಳೆಯುತ್ತಿತ್ತು. ಅದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಇರುವುದು 1,150 ಮೀಟರಿಗಿಂತ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡ ಸುಮಾರು 880 ಮಿಲಿಬಾರ್. ಒಂದು ಮಿಲಿಬಾರ್ ಎಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ನೀರು. ಅಂದರೆ ಒಣಗಿದ ಚರಂಡಿಯಲ್ಲಿ ನಮ್ಮ ಸೆನ್ಸರ್ ಹೇಳುತ್ತಿದ್ದ ಆಳ ಮೈನಸ್ 130 ಸೆಂ.ಮೀ. ಯಾರೋ ಒಳ್ಳೆಯ ಮನಸ್ಸಿನಿಂದ, ಬಹುಶಃ ನಾನೇ, 'ಮೈನಸ್ ಬಂದರೆ ಸೊನ್ನೆ ಎಂದು ತೋರಿಸು' ಎಂಬ ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದ್ದರಿಂದ ಆ ಮೈನಸ್ ಯಾರ ಕಣ್ಣಿಗೂ ಬೀಳಲಿಲ್ಲ. ನೀರು ಎದೆಮಟ್ಟ ಬರುವ ತನಕ ಅದು ಬಾಯಿ ಬಿಡುತ್ತಿರಲಿಲ್ಲ. ಮಂಗಳೂರಿನಲ್ಲಿ ಕೂತು ಇದೇ ಸೆನ್ಸರನ್ನು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಅದೇ ಪ್ರೋಗ್ರಾಮಿನಲ್ಲಿ ನೀರಿನ ಸಾಂದ್ರತೆಯನ್ನೂ ಸಮುದ್ರದ ಉಪ್ಪುನೀರಿನದಾಗಿ 1029 ಎಂದು ಇಟ್ಟಿದ್ದರು. ತೋಡಿನ ನೀರಿಗೆ 1000 ಸಾಕು. ಆ ವ್ಯತ್ಯಾಸ ಚಿಕ್ಕದು, ಆದರೆ ಕಣ್ಣಿಗೆ ಬಿದ್ದಾಗ ಸರಿಮಾಡಿಬಿಡಿ.

ಪರಿಹಾರ: ಮೈನಸ್ ಮುಚ್ಚಿಡುವ ಸಾಲನ್ನು ಕಿತ್ತುಹಾಕಿ. ಗಾಳಿಯ ಒತ್ತಡ ಅಳೆಯುವ ಇನ್ನೊಂದು ಚಿಕ್ಕ ಸೆನ್ಸರನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಅಂಕಿಯನ್ನು ಪ್ರತಿಸಲವೂ ಕಳೆಯಿರಿ. ಪೆಟ್ಟಿಗೆಯನ್ನು ಪೂರ್ತಿ ಗಾಳಿಯಾಡದಂತೆ ಬಿಗಿಯಬೇಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದರೆ ಆ ಸೆನ್ಸರ್ ಹೊರಗಿನ ಒತ್ತಡವನ್ನಲ್ಲ, ಪೆಟ್ಟಿಗೆಯ ಒತ್ತಡವನ್ನು ಹೇಳುತ್ತದೆ. ನೀರು ಬಿಡದೆ ಗಾಳಿ ಮಾತ್ರ ಬಿಡುವ ಬಿರಡೆಗಳು ಸಿಗುತ್ತವೆ.

ಗಾಳಿಯ ಪಾಲು ಸರಿಯಾಗಿ ಕಳೆಯುತ್ತಿದೆಯೇ ಎಂದು ನೋಡಲು ನೀರೂ ಬೇಡ. ಪರದೆಯ ಗ್ರಾಫಿನಲ್ಲಿ ಒಣ ಚರಂಡಿಯ ಎರಡು ದಿನದ ಗೆರೆ ನೋಡಿ. ದಿನಕ್ಕೆರಡು ಬಾರಿ, ಬೆಳಿಗ್ಗೆ ಹತ್ತರ ಸುಮಾರಿಗೆ ಒಮ್ಮೆ, ರಾತ್ರಿ ಹತ್ತರ ಸುಮಾರಿಗೆ ಒಮ್ಮೆ, ಎರಡು ಮೂರು ಸೆಂಟಿಮೀಟರಿನಷ್ಟು ಉಬ್ಬಿ ಇಳಿಯುತ್ತಿದ್ದರೆ ಅದು ನೀರಲ್ಲ. ಉಷ್ಣವಲಯದ ಗಾಳಿಯ ಒತ್ತಡ ದಿನವೂ ಹೀಗೆಯೇ ಏರಿಳಿಯುತ್ತದೆ. ಗೆರೆಯಲ್ಲಿ ಅದು ಕಂಡರೆ ಕಳೆಯುವ ಲೆಕ್ಕ ನಡೆಯುತ್ತಿಲ್ಲ ಎಂದರ್ಥ.

ಕೇಬಲ್ಲಿನೊಳಗೆ ಸಣ್ಣ ಗಾಳಿಕೊಳವೆ ಇರುವ ಬಗೆಯ ಸೆನ್ಸರ್ ನಿಮ್ಮದಾದರೆ ಈ ತಾಪತ್ರಯವಿಲ್ಲ, ಬೇರೆ ತಾಪತ್ರಯ ಇದೆ. ನಮ್ಮ ಕಕ್ಕಡ ಮಾಸದ (ಜುಲೈ–ಆಗಸ್ಟ್) ಗಾಳಿಯಲ್ಲಿ ಆ ಕೊಳವೆಯೊಳಗೆ ತೇವ ಕಟ್ಟಿ ದಾರಿ ಮುಚ್ಚುತ್ತದೆ, ಆಮೇಲೆ ಅಳತೆ ನಿಧಾನಕ್ಕೆ ಅಲೆಯತೊಡಗುತ್ತದೆ. ಕೊಳವೆಯ ಬಾಯಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ತೆಗೆದು ಒಣಗಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗುತ್ತದೆ ಎಂದು ಕೇಳಿ ಹಾಗೇ ಮಾಡಿದೆ. ಒಣಗಿತು, ಹೊಗೆಯ ವಾಸನೆಯೂ ಬಂತು.

ಇನ್ನು ಹೂಳು. ಸೆನ್ಸರ್ ಕೂರಿಸಿದ ತೂತಿನ ಪಿವಿಸಿ ಪೈಪಿಗೆ ಕೆಸರು ಕಟ್ಟಿಕೊಂಡರೆ ನೀರು ತಡವಾಗಿ ಒಳಬರುತ್ತದೆ, ತಡವಾಗಿ ಹೊರಹೋಗುತ್ತದೆ. ಮಳೆ ನಿಂತು ಚರಂಡಿ ಬರಿದಾದ ಮೇಲೂ ಗೆರೆ ಗಂಟೆಗಟ್ಟಲೆ ಇಳಿಯದೆ ಉಳಿದರೆ ಇದೇ ಕಾರಣ. ಪೈಪಿಗೆ ಒಂದು ಚೊಂಬು ನೀರು ಸುರಿಯಿರಿ. ಕೆಲವು ಸೆಕೆಂಡುಗಳಲ್ಲಿ ಇಳಿದುಹೋಗದಿದ್ದರೆ ಪೈಪು ಕಿತ್ತು ತೊಳೆಯುವ ಕೆಲಸ ನಿಮ್ಮ ಪಾಲಿಗಿದೆ.

ಅಲ್ಟ್ರಾಸಾನಿಕ್: ಬೆಳೆಯುವ ನೀರು, ನೆಗೆಯುವ ನೀರು

ಎರಡನೇ ಪೆಟ್ಟಿಗೆಯಲ್ಲಿ ಮೂರು ವಾರ ನೀರು ದಿನಕ್ಕೆ ಒಂದೊಂದು ಸೆಂಟಿಮೀಟರಿನಂತೆ ಏರಿತು. ರಾತ್ರಿ ಇಳಿಯಲಿಲ್ಲ, ಮಳೆ ಬಿಟ್ಟ ದಿನವೂ ಇಳಿಯಲಿಲ್ಲ. ಅಷ್ಟು ಶಿಸ್ತಿನ ನೀರನ್ನು ನಾನು ಕಂಡಿಲ್ಲ. ಹೋಗಿ ನೋಡಿದರೆ ಸೆನ್ಸರಿನ ಸರಿಯಾಗಿ ಕೆಳಗೆ, ಚರಂಡಿಯ ಗೋಡೆಯ ಸಂದಿನಿಂದ ಜರಿಗಿಡವೊಂದು ಸುರುಳಿ ಬಿಚ್ಚಿಕೊಂಡು ಮೇಲಕ್ಕೆ ಬರುತ್ತಿತ್ತು. ಕತ್ತಿಯ ಒಂದೇ ಏಟಿಗೆ ಪ್ರವಾಹ ಇಳಿಯಿತು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸವರಿಕೊಂಡು ಬರಬೇಕು. ಶಬ್ದ ಕೆಳಗೆ ಹೋದಂತೆ ಹರಡಿಕೊಳ್ಳುವುದರಿಂದ ನೇರ ಕೆಳಗಿನದನ್ನಷ್ಟೇ ಅಲ್ಲ, ಅಕ್ಕಪಕ್ಕದ ಗಿಡವನ್ನೂ ಗೋಡೆಯ ಉಬ್ಬನ್ನೂ ಅದು ನೀರೆಂದು ತಿಳಿಯುತ್ತದೆ.

ಗೆರೆ ಮೇಲಿಂದ ಕೆಳಕ್ಕೆ ಹುಚ್ಚಾಪಟ್ಟೆ ನೆಗೆಯುತ್ತಿದ್ದರೆ ಜೇಡರ ಬಲೆ ಇದೆಯೇ ನೋಡಿ. ಬರಿಯ ಬಲೆ ಹೆಚ್ಚೇನೂ ಮಾಡುವುದಿಲ್ಲ, ಮಂಜಿನ ಹನಿ ಪೋಣಿಸಿಕೊಂಡ ಬಲೆ ಮಾಡುತ್ತದೆ. ಸೆನ್ಸರಿನ ಮುಖದ ಮೇಲೇ ಹನಿ ಕಟ್ಟಿದರೆ ಅಳತೆ ಸಾಮಾನ್ಯವಾಗಿ ಅದರ ಕನಿಷ್ಠ ದೂರಕ್ಕೆ ಅಂಟಿಕೊಂಡು, ಚರಂಡಿ ಭರ್ತಿ ಎಂದು ಬೆಳಗಿನ ಜಾವ ಎಬ್ಬಿಸುತ್ತದೆ. ಒಂದೇ ಸಲ ಅಳೆದು ಕಳಿಸುವ ಬದಲು ಹನ್ನೊಂದು ಸಲ ಅಳೆದು, ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ನೆಗೆತದ ಬಹುಪಾಲು ಹೋಗುತ್ತದೆ. ಸರಾಸರಿ ಬೇಡ. ಒಂದು ಹುಚ್ಚು ಅಂಕಿ ಸರಾಸರಿಯನ್ನೇ ಕೆಡಿಸುತ್ತದೆ.

ಕನಿಷ್ಠ ದೂರದ ಮಾತು ಬಂತು, ಇಲ್ಲಿ ನಿಲ್ಲಲೇಬೇಕು. ಅಗ್ಗದ ಜಲನಿರೋಧಕ ಸೆನ್ಸರುಗಳು 20–25 ಸೆಂ.ಮೀ.ಗಿಂತ ಹತ್ತಿರದ್ದನ್ನು ಕಾಣಲಾರವು. ನಮ್ಮ ಚರಂಡಿಯ ಆಳ 90 ಸೆಂ.ಮೀ. ಮೊದಲ ಪೆಟ್ಟಿಗೆಯಲ್ಲಿ ಸೆನ್ಸರನ್ನು ತಳದಿಂದ ಒಂದು ಮೀಟರ್ ಎತ್ತರಕ್ಕೆ ಕಟ್ಟಿದ್ದೆವು. ನೋಡಲು ಅಚ್ಚುಕಟ್ಟು. ಆದರೆ ನೀರು 75 ಸೆಂ.ಮೀ. ದಾಟಿದೊಡನೆ ಅದು ಕುರುಡಾಗುತ್ತಿತ್ತು. ಗೆರೆ 75ರಲ್ಲಿ ಮಟ್ಟಸವಾಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ಎರಡು ಬಾರಿ ಪುಟಿದ ಪ್ರತಿಧ್ವನಿಯನ್ನು ಹಿಡಿದು ನೀರು ಇಳಿಯಿತು ಎಂದೂ ಹೇಳುತ್ತಿತ್ತು. ಎಚ್ಚರಿಕೆ ಗಂಟೆಯನ್ನು ಇಟ್ಟಿದ್ದುದು 80ಕ್ಕೆ. ಅದು ಎಂದಾದರೂ ಬಾರಿಸೀತೇ! ಈಗ 130 ಸೆಂ.ಮೀ. ಎತ್ತರಕ್ಕೆ ಏರಿಸಿದ್ದೇವೆ. ರಸ್ತೆಯ ಮೇಲೆ ಹದಿನೈದು ಸೆಂಟಿಮೀಟರ್ ನೀರು ಬಂದರೂ ಅಳೆಯಬಲ್ಲದು. ನಿಮ್ಮ ಹಳೆಯ ಗೆರೆಗಳಲ್ಲಿ ಪ್ರತಿ ದೊಡ್ಡ ಮಳೆಗೂ ಒಂದೇ ಎತ್ತರದಲ್ಲಿ ಬೋಳಾದ ತಲೆ ಕಂಡರೆ ಏಣಿ ತೆಗೆದುಕೊಂಡು ಹೊರಡಿ.

ಉಷ್ಣತೆಯ ವ್ಯತ್ಯಾಸದಿಂದ ಶಬ್ದದ ವೇಗ ಬದಲಾಗುತ್ತದೆ ಎಂದು ಹಲವರು ಅದರ ಹಿಂದೆ ಬೀಳುತ್ತಾರೆ. 30 ಡಿಗ್ರಿಗೆ ಹೊಂದಿಸಿದ ಪ್ರೋಗ್ರಾಂ 17 ಡಿಗ್ರಿಯ ಮಳೆಯಲ್ಲಿ ಒಂದೂವರೆ ಮೀಟರಿಗೆ ಮೂರೂವರೆ ಸೆಂಟಿಮೀಟರಿನಷ್ಟು ತಪ್ಪೀತು. ಚರಂಡಿಗೆ ಅದು ದೊಡ್ಡ ವಿಷಯವಲ್ಲ. ಮೊದಲು ಜರಿಗಿಡ ಕಡಿಯಿರಿ.

ಪರೀಕ್ಷೆಗೆ ಒಂದು ಹಲಗೆ ಸಾಕು. ಸೆನ್ಸರಿನ ಕೆಳಗೆ 40, 80, 120 ಸೆಂ.ಮೀ. ದೂರದಲ್ಲಿ ಅಡ್ಡ ಹಿಡಿದು ಅಂಕಿ ಬರೆದುಕೊಳ್ಳಿ. ಮೂರೂ ಒಂದೇ ಅಳತೆಯಷ್ಟು ತಪ್ಪಿದ್ದರೆ ಎತ್ತರವನ್ನು ತಪ್ಪಾಗಿ ನಮೂದಿಸಿದ್ದೀರಿ. ಒಂದು ಸರಿ, ಉಳಿದೆರಡು ತಪ್ಪಾದರೆ ನಡುವೆ ಏನೋ ಅಡ್ಡ ಬಂದಿದೆ.

ಪೆಟ್ಟಿಗೆ ಮಾತಾಡುತ್ತಿಲ್ಲ

ಮೊದಲು ಕೇಳಬೇಕಾದದ್ದು, ಒಂದೇ ಪೆಟ್ಟಿಗೆ ಮೌನವೋ, ಆ ಕಡೆಯ ಎಲ್ಲವೂ ಮೌನವೋ. ಎಲ್ಲವೂ ಒಂದೇ ಹೊತ್ತಿಗೆ ನಿಂತಿದ್ದರೆ ಅದು ಟವರ್. ಮರ ಬಿದ್ದು ಎರಡು ದಿನ ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಊರಿಗೆ ಊರೇ ಮೂಕವಾಗುತ್ತದೆ. ನೀವು ಮಾಡಬಹುದಾದದ್ದು ಇಷ್ಟೇ: ಪೆಟ್ಟಿಗೆ ತನ್ನ ಅಳತೆಗಳನ್ನು ವೇಳೆಯ ಸಮೇತ ಒಳಗೇ ಬರೆದಿಟ್ಟುಕೊಂಡು ದಾರಿ ಸಿಕ್ಕಾಗ ಕಳಿಸುವಂತೆ ಮಾಡುವುದು, ಮತ್ತು ಸಂದೇಶ ಒಂದು ಗಂಟೆ ಬಾರದಿದ್ದರೆ ಪರದೆಯ ಮೇಲೆ ಹಳೆಯ ಅಂಕಿಯನ್ನು ಹಸಿರಿನಲ್ಲಿ ಉಳಿಸದೆ ಬೂದು ಬಣ್ಣಕ್ಕೆ ತಿರುಗಿಸುವುದು. ನಮ್ಮ ಪರದೆ ಮೊದಲ ವರ್ಷ ಹಿಂದಿನ ದಿನದ 12 ಸೆಂ.ಮೀ.ಅನ್ನೇ ಮರುದಿನ ಸಂಜೆಯವರೆಗೂ ತೋರಿಸುತ್ತಿತ್ತು.

ಒಂದೇ ಪೆಟ್ಟಿಗೆಯಾದರೆ, ಸಿಮ್ಮಿನ ರೀಚಾರ್ಜ್ ಮುಗಿದಿದೆಯೇ ನೋಡಿ. ನಗಬೇಡಿ, ಎರಡು ಸಲ ಆಗಿದೆ. ಆಮೇಲೆ ಬ್ಯಾಟರಿ. ಲಿಥಿಯಂ ಕೋಶ ತುಂಬಿದಾಗ 4.2 ವೋಲ್ಟ್, 3ಕ್ಕೆ ಬಂದರೆ ಮುಗಿದಂತೆ. ಸೌರಫಲಕ ಇದೆಯಲ್ಲ ಎಂದು ನಂಬಿ ಕೂರುವುದು ಬಯಲುಸೀಮೆಯವರಿಗೆ ಸರಿ. ಇಲ್ಲಿ ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಫಲಕದ ಮೇಲೆ ಮರದ ನೆರಳು, ನೆರಳಿನ ಮೇಲೆ ಪಾಚಿ. ಪೆಟ್ಟಿಗೆ ನಿದ್ದೆಯಲ್ಲಿರುವಾಗ ಎಷ್ಟು ಕರೆಂಟು ಕುಡಿಯುತ್ತದೆ ಎಂದು ಮಲ್ಟಿಮೀಟರಿನಲ್ಲಿ ಅಳೆಯಿರಿ. ನಮ್ಮದರಲ್ಲಿ ಅಪರಾಧಿ ಎಎಂಎಸ್1117 ಎಂಬ ಪುಟ್ಟ ವೋಲ್ಟೇಜ್ ರೆಗ್ಯುಲೇಟರ್. ಬೇರೆಯವರೆಲ್ಲ ಮಲಗಿದ್ದರೂ ಅದೊಂದೇ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತಿತ್ತು. ದಿನಕ್ಕೆ 120 ಮಿಲಿಆಂಪಿಯರ್-ಗಂಟೆ. 3,000ದ ಕೋಶ ಇಪ್ಪತ್ತೈದು ದಿನದಲ್ಲಿ, ಒಂದು ಸಂದೇಶವನ್ನೂ ಕಳಿಸದೆ, ಖಾಲಿ. ಕಡಿಮೆ ಕುಡಿಯುವ ರೆಗ್ಯುಲೇಟರ್ ಹಾಕಿ, ಬೋರ್ಡಿನ ಮೇಲೆ ಸದಾ ಉರಿಯುವ ಕೆಂಪು ಎಲ್‌ಇಡಿಯನ್ನು ಕಿತ್ತುಹಾಕಿದ ಮೇಲೆ ಮಳೆಗಾಲ ದಾಟತೊಡಗಿತು.

ಮೇಜಿನ ಮೇಲೆ ಸರಿಯಾಗಿ ನಡೆದು, ಕಂಬಕ್ಕೆ ಕಟ್ಟಿದ ಮೇಲೆ ಸಂದೇಶ ಕಳಿಸುವ ಕ್ಷಣಕ್ಕೇ ಸಾಯುವ ಪೆಟ್ಟಿಗೆ ನಿಮ್ಮಲ್ಲೂ ಇರಬಹುದು. ಹಳೆಯ ಬಗೆಯ ಜಿಎಸ್‌ಎಂ ಮೋಡೆಮ್ ಕಳಿಸುವಾಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು 2 ಆಂಪಿಯರ್ ಎಳೆಯುತ್ತದೆ. ಅಷ್ಟರಲ್ಲಿ ವೋಲ್ಟೇಜ್ ಕುಸಿದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ. ಪ್ರತಿ ಸಂದೇಶದಲ್ಲೂ 'ಎಷ್ಟನೇ ಸಲ ಎದ್ದೆ' ಎಂಬ ಎಣಿಕೆಯನ್ನು ಸೇರಿಸಿ. ಅದು ದಿನಕ್ಕೆ ನೂರರಂತೆ ಏರುತ್ತಿದ್ದರೆ ಕಾರಣ ಇದೇ. ಪರಿಹಾರ: ಮೋಡೆಮ್ಮಿನ ಕಾಲಿಗೆ ಹತ್ತಿರದಲ್ಲೇ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್, ದಪ್ಪನೆಯ ಗಿಡ್ಡ ತಂತಿ.

ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ) ಬಳಸುವವರಿಗೆ ಒಂದು ಮಾತು. ಫೆಬ್ರವರಿಯಲ್ಲಿ ಗುಡ್ಡದಾಚೆಗೂ ಮುಟ್ಟಿದ ಸಂಕೇತ ಜುಲೈನಲ್ಲಿ ಮುಟ್ಟದೆ ಹೋಗುತ್ತದೆ. ನಡುವಿನ ನೆರಳುಮರಗಳ ಎಲೆಗಳೆಲ್ಲ ನೀರು ಹೊತ್ತು ನಿಂತಿರುತ್ತವೆ. ಪರೀಕ್ಷೆಯನ್ನು ಮಳೆಯಲ್ಲೇ ಮಾಡಿ, ಆಂಟೆನಾ ಜೋಡಿಸಿದ ಜಾಗಕ್ಕೆ ರಬ್ಬರ್ ಟೇಪು ಸುತ್ತಿ.

ಮಳೆಮಾಪಕವೇ ಸುಳ್ಳು ಹೇಳಿದರೆ

ಒಣ ಚರಂಡಿಯ ನಿಯಮ ನಿಂತಿರುವುದು ಮಳೆಯ ಅಂಕಿಯ ಮೇಲೆ, ಆದ್ದರಿಂದ ಅದನ್ನೂ ಅನುಮಾನಿಸಬೇಕು. ನಮ್ಮ ಪುಣ್ಯಕ್ಕೆ ಕೊಡಗಿನಲ್ಲಿ ಮಳೆ ಅಳೆಯದ ತೋಟವೇ ಅಪರೂಪ. ಪಕ್ಕದ ತೋಟದ ಅಜ್ಜ ದಿನವೂ ಬೆಳಿಗ್ಗೆ ಗಾಜಿನ ಅಳತೆ ನೋಡಿ ಇಂಚು–ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್) ಡೈರಿ ಬರೆಯುತ್ತಾರೆ. ಒಂದು ದಿನ ಅವರ ಡೈರಿಯಲ್ಲಿ 4 ಇಂಚು 15 ಸೆಂಟ್, ಅಂದರೆ 105 ಮಿ.ಮೀ. ನಮ್ಮ ಮಾಪಕದಲ್ಲಿ 61. "ನಿಮ್ಮದು ಕಂಪ್ಯೂಟರ್ ಮಳೆ ಮಗನೇ, ನಮ್ಮದು ಆಕಾಶದ ಮಳೆ" ಎಂದರು. ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡಿತ್ತು. ಅದರ ಗುರುತು ಗೆರೆಯಲ್ಲೇ ಇರುತ್ತದೆ: ಜೋರು ಮಳೆಯಲ್ಲಿ ತಗ್ಗಿದ ಅಂಕಿ, ಮಳೆ ಬಿಟ್ಟು ಬಿಸಿಲು ಬಂದ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕುವ ಎಣಿಕೆ.

ಮಗುಚುವ ಬಟ್ಟಲಿನ ಮಾಪಕವನ್ನು (ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಎಣಿಕೆ) ಪರೀಕ್ಷಿಸುವುದು ಹೀಗೆ. 200 ಮಿ.ಮೀ. ವ್ಯಾಸದ ಆಲಿಕೆಯಾದರೆ 314 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ಒಂದು ಮಗುಚಿಗೆ 0.2 ಮಿ.ಮೀ. ಎಂದಾದರೆ 50 ಎಣಿಕೆ ಬರಬೇಕು. ಚೊಂಬಿನಿಂದ ಒಮ್ಮೆಲೇ ಸುರಿಯಬೇಡಿ, ಬಟ್ಟಲು ಮಗುಚುವ ಹೊತ್ತಿನಲ್ಲಿ ನೀರು ಲೆಕ್ಕ ತಪ್ಪಿ ಹೋಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಸೂಜಿಯ ತೂತು ಮಾಡಿ ಅರ್ಧ ಗಂಟೆ ತೊಟ್ಟಿಕ್ಕಿಸಿ. 50ಕ್ಕೆ ಬದಲು ನೂರರ ಹತ್ತಿರ ಬಂದರೆ ಸ್ವಿಚ್ಚು ಒಂದು ಮಗುಚನ್ನು ಎರಡೆರಡು ಬಾರಿ ಎಣಿಸುತ್ತಿದೆ. ನಲವತ್ತರ ಸುಮಾರು ಬಂದರೆ ಮಾಪಕ ಓರೆಯಾಗಿ ಕೂತಿದೆಯೇ ನೋಡಿ.

ಬಿಡಿ ದೋಷಗಳು

ಅರ್ಧ ಗಂಟೆಗೊಮ್ಮೆ ಮಾತ್ರ ಅಳೆಯುವ ಪೆಟ್ಟಿಗೆ ಪ್ರವಾಹವನ್ನೇ ತಪ್ಪಿಸಿಕೊಳ್ಳಬಲ್ಲದು. ನಮ್ಮ ತಿರುವಿನಲ್ಲಿ ನೀರು ಹತ್ತು ನಿಮಿಷದಲ್ಲಿ ಏರಿ ಮುಂದಿನ ಹತ್ತು ನಿಮಿಷದಲ್ಲಿ ಇಳಿದದ್ದುಂಟು. ಮಳೆಮಾಪಕ ಬೇಗಬೇಗ ಮಗುಚಿದಾಗ ಪೆಟ್ಟಿಗೆ ಎದ್ದು ಎರಡು ನಿಮಿಷಕ್ಕೊಮ್ಮೆ ಅಳೆಯುವಂತೆ ಮಾಡಿ, ಉಳಿದ ಹೊತ್ತು ಮಲಗಲಿ.

4–20 ಮಿಲಿಆಂಪಿಯರ್ ಬಗೆಯ (ಮಟ್ಟವನ್ನು ಅಷ್ಟರೊಳಗಿನ ಕರೆಂಟಾಗಿ ಕಳಿಸುವ) ಸೆನ್ಸರ್ ಖಾಲಿ ಚರಂಡಿಯಲ್ಲೂ 4 ಕೊಡಬೇಕು. ಸೊನ್ನೆ ಬಂದರೆ ತಂತಿ ತುಂಡಾಗಿದೆ. ಇಲಿ, ಹಂದಿ ಅಥವಾ ಗುದ್ದಲಿ, ನಮ್ಮಲ್ಲಿ ಮೂರೂ ಆಗಿವೆ. ಇರುವೆಗಳು ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತವೆ, ಕೇಬಲ್ ಒಳಹೋಗುವ ಜಾಗವನ್ನು ಕೆಳಮುಖವಾಗಿಟ್ಟು ಬಿಗಿಯಿರಿ. ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆಯಲ್ಲಿ ಉದ್ದನೆಯ ಕೇಬಲ್ಲಿನ ಸೆನ್ಸರುಗಳು ಮೊದಲು ಹೋಗುತ್ತವೆ, ಹಾಗಾಗಿ ಕೇಬಲ್ ಗಿಡ್ಡವಿರಲಿ, ಸರ್ಜ್ ರಕ್ಷಕ ಇರಲಿ. ಆನೆ ಬೆನ್ನು ತಿಕ್ಕಿಕೊಂಡು ಬಾಗಿಸಿದ ಕಂಬಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಜಾಗ ಬದಲಿಸಿದೆ.

ದುರಸ್ತಿ ಆಯಿತೆಂದು ಹೊರಡುವ ಮುನ್ನ ಇನ್ನೊಮ್ಮೆ ಹಲಗೆ ಹಿಡಿಯುತ್ತೇನೆ, ಎಚ್ಚರಿಕೆಯ ಮಟ್ಟಕ್ಕಿಂತ ಮೇಲೆ. ಮನೆಯಲ್ಲಿ ತಂಗಿ ಪರದೆ ನೋಡುತ್ತಿರುತ್ತಾಳೆ. "ಅಣ್ಣಾ, ಬಂತು, 85" ಎಂದು ಅವಳು ಫೋನಿನಲ್ಲಿ ಹೇಳಿದ ಮೇಲೆಯೇ ಮುಚ್ಚಳದ ನಾಲ್ಕು ತಿರುಪು ಬಿಗಿದು, ಬಂದ ದಾರಿಯಲ್ಲಿ ಅಲ್ಲ, ಚರಂಡಿಯ ಜೊತೆಗೆ ಮೇಲಿನ ತಿರುವಿನ ತನಕ ನಡೆದು ಬರುತ್ತೇನೆ.